ಪಿಗ್ ಔಟ್

ಹಂಪನಕಟ್ಟೆಯ ಚಪ್ಪಲಿ ಅಂಗಡಿಯ ಮೇಲೆ, ಎರಡನೇ ಮಾಳಿಗೆ,
ಸಂಜೆ ಏಳರ ಸ್ಪೋಕನ್ ಇಂಗ್ಲಿಷ್.
ಐರಿನ್ ಟೀಚರು ಬೋರ್ಡಿನಲ್ಲಿ ಬರೆದರು: ಪಿಗ್ ಔಟ್ ಆನ್.
'ಹಂದಿ ಹೊರಗೆ' ಅಂದ ಹಿಂದಿನ ಬೆಂಚಿನ ವರದೇಶ,
'ಹೊರಗೆ ಬಂದು ಎಂತದರ ಮೇಲೆ ಕೂತಿತು, ಟೀಚರ್?'

ನಗು ನಿಂತ ಮೇಲೆ ಅರ್ಥ ಹೇಳಿದರು:
ಸಾಕು ಅನ್ನುವುದನ್ನು ಮರೆತು ತಿನ್ನುವುದು,
ಒಂದು ದಿನದ ಮಟ್ಟಿಗೆ. ಬೈಗಳಲ್ಲ.
ತನ್ನ ಬಗ್ಗೆ ತಾನೇ ಹೇಳಿಕೊಂಡರೆ ತಮಾಷೆ,
ಇನ್ನೊಬ್ಬರಿಗಾದರೆ ಮುಖ ನೋಡಿ ಹೇಳಿ.

ಉಳ್ಳಾಲದ ಸಫ್ವಾನ್ ಪೆನ್ನು ಎತ್ತಲಿಲ್ಲ.
'ನಮ್ಮಲ್ಲಿ ಆಗುವುದಿಲ್ಲ ಟೀಚರ್, ಈ ಪ್ರಾಣಿ.'
'ಪದದಲ್ಲಿ ಮಾಂಸ ಇಲ್ಲ ಮಾರಾಯ, ಬರಿ.'
ಬರೆದ, ಗೀಟು ಹೊಡೆದ, ಮತ್ತೆ ಬರೆದ:
ಉಪವಾಸ ಬಿಟ್ಟ ರಾತ್ರಿ ನಾವೆಲ್ಲ ಸಮೋಸದ ಮೇಲೆ ಕ್ಯಾಟ್ ಔಟ್.
ಟೀಚರು ಅದಕ್ಕೂ ಅರ್ಧ ಮಾರ್ಕು ಕೊಟ್ಟರು.

ನಾನು ಯೋಚಿಸುತ್ತಿದ್ದೆ, ಕನ್ನಡದಲ್ಲಿ ನಾವು
ಹಂದಿಯನ್ನು ಕರೆಯುವುದಿಲ್ಲ, ಕೈ ಎತ್ತುತ್ತೇವೆ:
ಹೋಳಿಗೆ ಜಡಿದ, ಪಾಯಸ ಬಾರಿಸಿದ,
ಮದುವೆಮನೆಯಲ್ಲಿ ಹೊಡೆದ ಹೊಡೆತಕ್ಕೆ ಲಾಡು ಖಾಲಿ.
ತಿನ್ನುವುದಕ್ಕೂ ಸಿಟ್ಟಿಗೂ ಒಂದೇ ಕ್ರಿಯಾಪದ.
ಅಮ್ಮನ ತುಳುವಿನಲ್ಲಿ ಅಷ್ಟೆಲ್ಲ ಇಲ್ಲ,
ಬಂಜಿ ಜಿಂಜಿಂಡಾ ಎಂಬ ಪ್ರಶ್ನೆ ಮಾತ್ರ;
ಹೂಂ ಅಂದ ಕೂಡಲೇ ಪಾತ್ರೆಗೆ ಮುಚ್ಚಳ.

ನನ್ನ ಸರದಿ. ಭೂತಕಾಲದಲ್ಲಿ ಒಂದು ವಾಕ್ಯ.
ಕಳೆದ ಭಾನುವಾರ ನಾನು ಗಡ್‌ಬಡ್ ಮೇಲೆ ಪಿಗ್ಡ್ ಔಟ್.
ಕೆಂಪು ಶಾಯಿಯ ಸರಿ ಗುರುತು ಬಿತ್ತು.
ವ್ಯಾಕರಣದಲ್ಲಿ ಸುಳ್ಳು ತಪ್ಪಲ್ಲ.
ಶೆಣೈ ಮಾಮನ ಐಸ್‌ಕ್ರೀಮ್ ಪಾರ್ಲರಿನ ಹಿಂದೆ
ಮೂರು ವರ್ಷದಿಂದ ನಾನು ತೊಳೆಯುವುದು ಅದೇ ಉದ್ದ ಗ್ಲಾಸು:
ತಳದಲ್ಲಿ ಜೆಲ್ಲಿಯ ಚೂರು, ಅಂಚಿಗೆ ಲಿಪ್‌ಸ್ಟಿಕ್ಕು,
ಯಾರಿಗೂ ಬೇಡದ ಒಂದು ಚೆರಿ.

ಸಂಬಳದ ದಿನ ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ
ಮುಂಬಾಗಿಲಿನಿಂದ ಒಳಗೆ ಬಂದೆ, ಫ್ಯಾನಿನ ಕೆಳಗೆ ಕೂತೆ.
ಒಂದು ಗಡ್‌ಬಡ್, ಗೋಡಂಬಿ ಜಾಸ್ತಿ, ಅಂದೆ.
ಸಪ್ಲೈಯರ್ ವಿಠಲ ನಗಲಿಲ್ಲ, ನೀರಿಟ್ಟು ಹೋದ.
ಚೆರಿಯನ್ನು ಕೊನೆಗೆಂದು ತಟ್ಟೆಯ ಅಂಚಿಗಿಟ್ಟೆ.
ವೆನಿಲಾ ದಾಟಿ ಹಣ್ಣಿನವರೆಗೆ ಇಳಿದದ್ದು ನೆನಪು,
ಸ್ಟ್ರಾಬೆರಿಯಲ್ಲಿ ಹಲ್ಲು ಜುಂ ಅಂತು, ಹಣೆ ಹಿಡಿದುಕೊಂಡೆ.
ಅರ್ಧ ಗ್ಲಾಸು ಉಳಿಯಿತು. ಹಂದಿ ಬಾಗಿಲವರೆಗೆ ಬಂದು
ಒಳಗೇ ಹೋಯಿತು.

ಬಿಲ್ಲು ಕೊಟ್ಟು, ಏಪ್ರನ್ ಕಟ್ಟಿ, ಹಿಂದೆ ಹೋದೆ.
ಆ ಗ್ಲಾಸು ತೊಳೆಯುವ ಮೊದಲು
ಚೆರಿ ತಿಂದೆ, ನಿಂತುಕೊಂಡೇ.