ಅರ್ಧ ಒತ್ತು

ಕಿರೆಚ್‌ಬುರ್ನುವಿನ ಕಲ್ಲುಕಟ್ಟೆ, ಮಧ್ಯಾಹ್ನ ಮೂರೂವರೆ.
ಬಿಸಿಲು ನನ್ನ ಬೆನ್ನಿಗೆ, ಹಡಗಿನ ಮುಖಕ್ಕೆ.
ಬೆಳಗ್ಗೆ ಬಂದರೆ ಎಲ್ಲವೂ ಬರೀ ನೆರಳು;
ಇಷ್ಟು ಕಲಿಯಲು ಇಡೀ ಒಂದು ಮಾರ್ಚ್ ಹೋಯಿತು.

ಮೂವತ್ತೊಂದು ವರ್ಷ ಪತ್ರಿಕೆಯಲ್ಲಿ ಕರಡು ತಿದ್ದಿದವಳು.
ಚುಕ್ಕಿ ಇರುವ ಇ, ಚುಕ್ಕಿ ಇಲ್ಲದ ಇ:
ನಮ್ಮ ಭಾಷೆಯಲ್ಲಿ ಆ ಒಂದು ಚುಕ್ಕಿ ಬಿಟ್ಟದ್ದಕ್ಕೆ
ಮರುದಿನ ಕ್ಷಮೆ ಅಚ್ಚು ಹಾಕಿದ್ದೇವೆ.
ನಿವೃತ್ತಿಯ ಹಣದಲ್ಲಿ ಅರವತ್ತೈದು ಪಟ್ಟು ಎಳೆಯುವ ಕ್ಯಾಮೆರಾ ಕೊಂಡೆ,
ಬೊಸ್ಫೊರಸ್ ದಾಟುವ ಹಡಗುಗಳ ಹೆಸರು ಓದಲು.
"ಹಡಗು ಅಂದರೆ ಹಡಗು, ಅದರಲ್ಲಿ ಓದೋದೇನು?"
ಎನ್ನುತ್ತಾನೆ ಚಹಾದ ಬುನ್ಯಾಮಿನ್,
ತಟ್ಟೆಯ ಅಂಚಿಗೆ ಎರಡು ಸಕ್ಕರೆ ಅಚ್ಚು ಇಟ್ಟು.

ಮೊದಲ ತಿಂಗಳು ಓದಿದ್ದೆಲ್ಲ ಮಂಜು.
ಕೊನೆಯವರೆಗೂ ಎಳೆದೆ, ಅದಕ್ಕೂ ಆಚೆ ಎಳೆದೆ,
ಪರದೆಯ ಪಟ್ಟಿ ಬಿಳಿಯಿಂದ ಹಳದಿಗೆ ತಿರುಗುವಲ್ಲಿ
ಗಾಜಿನ ಕೆಲಸ ಮುಗಿದು ಲೆಕ್ಕದ ಕೆಲಸ ಶುರುವಂತೆ.
ಇದ್ದ ಹಿಟ್ಟನ್ನೇ ಲಟ್ಟಿಸುವುದು.
ರೊಟ್ಟಿ ಅಗಲವಾಯಿತು; ಹೊಟ್ಟೆಗೆ ಹೆಚ್ಚೇನೂ ಬೀಳಲಿಲ್ಲ.

ಫೆರ್ರುಹ್, ಟಗ್ ದೋಣಿಯ ಹಳೆಯ ಕಪ್ತಾನ, ಹೇಳಿದ:
"ತಂಗಿ, ಅದನ್ನು ಇಲ್ಲಿಗೆ ಎಳೆಯಬೇಡ, ಬರಲಿ ಬಿಡು.
ತಿರುವು ದಾಟಲಿ. ನಡುವಿನ ಗಾಳಿ ಕಡಿಮೆಯಾಗಲಿ.
ನೀರಿನ ಮೇಲೆ ಗಾಳಿ ಕುದಿಯುವಾಗ
ಯಾವ ಲೆನ್ಸೂ ನೆಟ್ಟಗೆ ನೋಡಲಾರದು."
ಆಮೇಲೆ ಮೊಣಕೈ: ಪಕ್ಕೆಗೆ ಆನಿಸು.
ಆಮೇಲೆ ಕಂಬಿ: ಕ್ಯಾಮೆರಾ ಅದರ ಮೇಲೆ, ನಡುವೆ ಕೈಗವಸು.
ಉಸಿರು ಪೂರ್ತಿ ಬಿಟ್ಟು, ಮುಂದಿನದು ಒಳಗೆ ಬರುವ ಮುನ್ನ
ಒಂದು ಸಂದು ಇದೆಯಲ್ಲ, ಅಲ್ಲಿ.
ಅರವತ್ತೈದು ಪಟ್ಟು ಹತ್ತಿರವಾದದ್ದು
ಅರವತ್ತೈದು ಪಟ್ಟು ನಡುಗುತ್ತದೆ;
ನನ್ನ ನಾಡಿ ಒಂದು ಇಡೀ ಟ್ಯಾಂಕರನ್ನು ಕುಣಿಸುವುದನ್ನು
ಈ ಕಣ್ಣಾರೆ ಕಂಡಿದ್ದೇನೆ.

ಹಸಿರು ಚೌಕವೋ, ಅದರ ಬುದ್ಧಿ ಅದರದು.
ಎದುರಿಗೆ ಗಾಳ ಹಾಕಿದವನ ದಾರ ಹಿಡಿಯುತ್ತದೆ,
ಅಡ್ಡ ಹಾರಿದ ಕಡಲಹಕ್ಕಿಯನ್ನು ಹಿಡಿಯುತ್ತದೆ,
ಸೂಜಿಗೆ ದಾರ ಪೋಣಿಸುವ ಅಜ್ಜಿಯಂತೆ ಒಳಗೆ ಹೊರಗೆ ತಡಕಿ
ಕೊನೆಗೆ ಏನೂ ಇಲ್ಲದ ಕಡೆ ಬೀಪ್ ಅನ್ನುತ್ತದೆ.
ಚಿಕ್ಕದು ಮಾಡಿದೆ ಅದನ್ನು, ಕರಡಿನ ಅಳತೆಗೆ, ಒಂದೇ ಅಕ್ಷರದಷ್ಟು.
ಬಯಲು ಬಣ್ಣದ ಮೇಲಿಟ್ಟರೆ ಕುರುಡು;
ಕಪ್ಪು ಮುಗಿದು ಬಿಳಿ ಹುಟ್ಟುವ ಅಂಚಿಗೆ ಇಡಬೇಕು.
ಜಗಳವಿದ್ದಲ್ಲಿ ಅದಕ್ಕೆ ಕಣ್ಣು ಹತ್ತುತ್ತದೆ.
(ಇದು ಫೆರ್ರುಹ್ ಹೇಳಿದ್ದಲ್ಲ. ಸಂಸಾರ ಹೇಳಿಕೊಟ್ಟದ್ದು.)

ಅಕ್ಟೋಬರಿನ ಒಂದು ಗುರುವಾರ, ಪೊಯ್ರಾಜ್ ಬೀಸಿ
ಆಕಾಶವನ್ನು ತೊಳೆದು ಬೋರಲು ಹಾಕಿತ್ತು.
ಕಪ್ಪುಸಮುದ್ರದಿಂದ ಇಳಿದು ಬಂತು ಧಾನ್ಯದ ಹಡಗು,
ಲಂಗರಿನ ಕಣ್ಣಿಂದ ಕೆಳಗೆ ತುಕ್ಕಿನ ಧಾರೆ,
ಮೂತಿಯ ಮೇಲೆ ಬಿಳಿಯಲ್ಲಿ: ಲೇಡಿ ರೀಮ್.
ಅಂಚು ಹಿಡಿದೆ. ಗುಂಡಿ ಅರ್ಧ ಒತ್ತಿದೆ.
ಚೌಕ ಹಸಿರಾಯಿತು, ಕೈ ಕಲ್ಲಾಯಿತು.

ಆಗ ಕಂಡಿತು.
ಬಣ್ಣದ ಅಡಿಯಲ್ಲಿ, ಬೆಸುಗೆಯಲ್ಲಿ ಉಬ್ಬಿದ ಬೇರೆ ಅಕ್ಷರಗಳು,
ಓರೆ ಬಿಸಿಲು ಒಂದೊಂದರ ಬೆನ್ನು ಸವರಿ ಎಬ್ಬಿಸಿದಂತೆ:
ಇಂ
ಗೆ
ಬೋ ರ್ಗ್.
ಬಳಿದವನು ಬಳಿದಿದ್ದ;
ಉಜ್ಜಿ ತೆಗೆಯಲು ಯಾರಿಗೆ ಪುರುಸೊತ್ತು.

ದೂರದ ಬೆಟ್ಟ ನುಣ್ಣಗೆ. ದೂರದ ಹಡಗೂ.
ನಮ್ಮ ಕಟ್ಟಡದ ಬಾಗಿಲಲ್ಲಿ, ಕರೆಗಂಟೆಗಳ ಸಾಲಿನಲ್ಲಿ,
ಏಳನೆಯದರ ಪಕ್ಕ ಅಪ್ಪನ ಮನೆತನದ ಹೆಸರು ಅಂಟಿಸಿದ್ದೇನೆ.
ಕಾಗದ ಒದ್ದೆಯಾದ ದಿನ ಅಡಿಯದೂ ಕಾಣುತ್ತದೆ.
ಅಂಚೆಯವನು ಎರಡನ್ನೂ ಓದಿ
ಏನೂ ಅನ್ನದೆ ಲಕೋಟೆ ಕೊಟ್ಟು ಹೋಗುತ್ತಾನೆ.

ಹಡಗಿನ ಹಿಂಭಾಗ, ನೊರೆ, ಆಮೇಲೆ ಬರೀ ನೀರು.
ಬೆರಳು ಇನ್ನೂ ಅರ್ಧದಲ್ಲೇ ಇತ್ತು.
ಬುನ್ಯಾಮಿನ್ ತಣ್ಣಗಾದ ಲೋಟ ಎತ್ತಿಕೊಂಡು ಬಿಸಿಯದು ಇಟ್ಟ.
"ಬಿತ್ತಾ?" ಎಂದ ಫೆರ್ರುಹ್.
"ಇಲ್ಲ," ಎಂದೆ, "ಓದಿದೆ."
ಅವನು ಉತ್ತರದ ಕಡೆ ಗದ್ದ ಚಾಚಿದ:
ತಿರುವಿನಲ್ಲಿ ಇನ್ನೊಂದು, ಸದ್ಯಕ್ಕೆ ನುಣ್ಣಗೆ.