ಗೌಸ್‌ಪೀರ್ ಕೂಡಲೇ ಹೊರಗೆ ಬರುವುದು

ಹೊಸದರ ಮಾತು ಮೊದಲು.
'ಕೆಂಡಗತ್ತಿ' ಎರಡನೇ ಭಾಗ, ನಿನ್ನೆ ಸೆಕೆಂಡ್ ಶೋ.
ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನೆದುರು
ಟೀ ಅಂಗಡಿ ಬೆಂಚಿನ ಮೇಲೆ ಅಂಜಿನಪ್ಪನವರ ತೀರ್ಪು:
"ಮೂರು ಗಂಟೇಲಿ ಮುನ್ನೂರು ಹೆಣ.
ಒಂದಕ್ಕಾದ್ರೂ ತಿಥಿ ಮಾಡಿದ್ರೇನಪ್ಪ?"
ಹುಡುಗರು ಬಿಡಲಿಲ್ಲ. ಎಂಟ್ರಿ ನೋಡಬೇಕಿತ್ತು ನೀವು,
ಸೀಟಿನ ಸ್ಪ್ರಿಂಗೆಲ್ಲ ನಡುಗ್ತಿತ್ತು.
"ಸ್ಪ್ರಿಂಗು ಹೊರಗೇ ಬಂದಿತ್ತು," ಅಂದ ಇನ್ನೊಬ್ಬ
ಹರಿದ ಪ್ಯಾಂಟು ತೋರಿಸಿ.

ನನ್ನತ್ತೆ ಮುನಿರತ್ನಮ್ಮನದು ಒಂದೇ ತಕರಾರು:
ಹೀರೋ ಅಷ್ಟು ಸಲ ಬೀಡಿ ಹಚ್ಚಿದ,
ಉಂಡ ತಟ್ಟೆ ಒಂದು ಸಲ ತೊಳೆಯಲಿಲ್ಲ.

ಆಮೇಲೆ ಯಾರೋ ಹಳೆಯದರ ಹೆಸರೆತ್ತಿದರು.
'ಅತ್ತಿಗೆಯ ಅಡ್ಡಿಕೆ'. ಕಪ್ಪು ಬಿಳುಪು.
ಗೌಸ್‌ಪೀರ್ ಸಾಬರು ಗ್ಲಾಸು ಕೆಳಗಿಟ್ಟರು.
"ಅದ್ರಲ್ಲಿ ನಾನೂ ಇದೀನಿ."

ಇದ್ದದ್ದು ನಿಜ. ಹನ್ನೊಂದು ವರ್ಷದ ಹುಡುಗ
ಬಾಣಲೆಯ ಒಲೆ ಹಚ್ಚುವುದು ಬಿಟ್ಟು
ನೆಲದ ಟಿಕೆಟ್ಟಿಗೆ ಹೋಗಿ ಕೂತಿದ್ದ.
ಇಂಟರ್ವಲ್ಲಿಗೆ ಸೋಪಿನ ಸ್ಲೈಡು, ಬಟ್ಟೆ ಅಂಗಡಿ ಸ್ಲೈಡು,
ಆಮೇಲೆ ಮಸಿ ಹಿಡಿಸಿದ ಗಾಜಿನಲ್ಲಿ ಮೊಳೆಯಿಂದ ಗೀಚಿದ್ದು:
ಗೌಸ್‌ಪೀರ್ ಕೂಡಲೇ ಹೊರಗೆ ಬರುವುದು.
ಓದಲು ಬರುತ್ತಿರಲಿಲ್ಲ. ಪಕ್ಕದವನು ಓದಿ ಹೇಳಿದ.
ಹೊರಗೆ ಧಣಿಯ ಸೈಕಲ್ಲು, ಧಣಿಯ ಕೈ.
ಅಷ್ಟು ದೊಡ್ಡದಾಗಿ ತನ್ನ ಹೆಸರು
ಮತ್ತೆಲ್ಲೂ ಯಾರೂ ಬರೆಯಲಿಲ್ಲ ಅನ್ನುತ್ತಾರೆ.
ರೇಷನ್ ಕಾರ್ಡಿನಲ್ಲಿ ಗೌಸಪ್ಪ ಅಂತಿದೆ.

ಹಾಗಾಗಿ ಐವತ್ತೆರಡು ವರ್ಷದಿಂದ ಅವರಿಗೆ
ಅರ್ಧ ಸಿನಿಮಾ ಕಣ್ಣಿನದು, ಅರ್ಧ ಕಿವಿಯದು.
ಅಂಜಿನಪ್ಪನವರು ಹೇಳಿದ ಕೊನೆಯಲ್ಲಿ
ಅಣ್ಣ ರೈಲಿನಲ್ಲಿ ಕೆಮ್ಮಿ ಕೆಮ್ಮಿ ಸಾಯುತ್ತಾನೆ.
ಕ್ಷೌರದ ಚಲಪತಿಯದರಲ್ಲಿ ಕೋರ್ಟು, ಸುಳ್ಳು ಸಾಕ್ಷಿ,
ಜಡ್ಜೇ ಊರು ಬಿಟ್ಟು ಹೋಗಿದ್ದ ಸೋದರಮಾವ.
ನನ್ನತ್ತೆಯದರಲ್ಲಿ, ಮನೆ ಬಿಡುವ ಬೆಳಗ್ಗೆ
ಅತ್ತಿಗೆ ಪುಟ್ಟ ನಾದಿನಿಯನ್ನು
ಬಾವಿಕಟ್ಟೆ ಮೇಲೆ ಕೂರಿಸಿ ತಲೆ ಬಾಚುತ್ತಾಳೆ.
ಹಾಡಿಲ್ಲ, ಮಾತಿಲ್ಲ.
ಸಿಕ್ಕು ಬಿಡಿಸುತ್ತಾಳೆ, ಬಹಳ ಹೊತ್ತು.
ಇಷ್ಟು ಹೇಳುವಷ್ಟರಲ್ಲಿ ಪ್ರತಿಸಲ
ಅತ್ತೆಯ ಸೆರಗು ಮೂಗಿಗೆ ಹೋಗುತ್ತದೆ.

"ರೀಲು ಬಿಡಬೇಡ," ಅಂಜಿನಪ್ಪನವರು.
"ಬಿಡೋದು ನೀನು, ಸುತ್ತೋದು ನಾವು," ಅತ್ತೆ.

ಮೊನ್ನೆ ರಾತ್ರಿ ಪಾಳಿಯಲ್ಲಿ
ನನ್ನ ಫೋನಿನಲ್ಲಿ ಸಿಕ್ಕಿಬಿಟ್ಟಿತು.
ಬಾಣಲೆಯ ಅಂಚಿಗೆ ಒರಗಿಸಿಟ್ಟೆ.
ಮೊದಲರ್ಧ ಬೇಡ, ಅದು ನಂದೇ, ದಾಟಿಸು ಅಂದರು.
ಬೆಂದ ಹುಳದ ನಾತ, ಗಾಜಿನ ತುಂಬ ಹಬೆ.
ಒಂದು ಕೈಯಲ್ಲಿ ಹಬೆ ಒರೆಸುತ್ತ,
ಇನ್ನೊಂದರಲ್ಲಿ, ನೋಡದೆಯೇ,
ಕಡಿದ ಎಳೆಗೆ ಬೇರೊಂದು ಗೂಡಿನ ಎಳೆ ಎಸೆಯುತ್ತ.
ಸೇರಿದ್ದು ಗೊತ್ತಾಗಬಾರದು. ಅಷ್ಟೇ ಕಸುಬು.
ರೈಲಿಲ್ಲ. ಕೋರ್ಟಿಲ್ಲ.
ಅತ್ತಿಗೆ ಹೊಸಿಲು ದಾಟಿದಳು, ನಾಯಿ ಬೊಗಳಿತು, ಶುಭಂ.
ಆ ಮನೆಗೆ ಬಾವಿಯೇ ಇರಲಿಲ್ಲ.

ಸಾಬರು ಫೋನನ್ನು ಲುಂಗಿಯಲ್ಲಿ ಒರೆಸಿ
ನನ್ನ ಕೈಗಿಟ್ಟರು.
"ಚಾರ್ಜೆಲ್ಲ ಹೋಯ್ತಲ್ಲಮ್ಮ ನಿಂದು."

ಇವತ್ತು ಅದೇ ಬೆಂಚು. ಗೂಡಿನ ರೇಟು ಬಿದ್ದಿದೆ,
ಮಾತು 'ಕೆಂಡಗತ್ತಿ'ಯಿಂದ ಹಿಂದೆ ಹಿಂದೆ ಸರಿದು
ಅತ್ತೆ ಮತ್ತೆ ಬಾವಿಕಟ್ಟೆಗೆ ಬಂದರು.
ಅಂಜಿನಪ್ಪನವರು ಬಾಯಿ ತೆರೆಯುವ ಮೊದಲೇ ಸಾಬರು:
"ಐತೆ, ಐತೆ. ಮೊನ್ನೆ ನಾನೇ ನೋಡ್ದೆ.
ಬಾಚಿ ಆದ್ಮೇಲೆ ಟೇಪು ಕಟ್ತಾಳೆ. ಕೆಂಪು ಟೇಪು."

ಅತ್ತೆ ತಲೆಯಾಡಿಸಿದರು. "ಕೆಂಪೇ."
ಕಪ್ಪು ಬಿಳುಪಿನ ಪಿಚ್ಚರು. ಯಾರೂ ಏನೂ ಅನ್ನಲಿಲ್ಲ.
ಅಂಗಡಿಯವನು ಮಾತ್ರ ಕೇಳಿದ,
ಇನ್ನೊಂದು ರೌಂಡು ಹಾಕ್ಲಾ?