ಹಗಲಿನ ಫಿಲಂ

ಕಣ್ಣು ರಾಜಿಯಾಗುತ್ತೆ, ಫಿಲಂ ಆಗೋದಿಲ್ಲ,
ಅನ್ನುತ್ತಿದ್ದರು ತುಳಜಪ್ಪ ಮೇಷ್ಟ್ರು
ಡಾರ್ಕ್ ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು ಬೀಡಿ ಹಚ್ಚುತ್ತ.
ನಲವತ್ತು ಕ್ಯಾಂಡಲ್ ಬಲ್ಬಿನಡಿಯೂ ನೀನು
ಬಿಳಿ ಅಂಗೀನ ಬಿಳಿ ಅಂತಲೇ ನೋಡ್ತೀಯ,
ಅದು ನಿನ್ನ ಒಳ್ಳೇತನ.
ಹಗಲಿಗೆಂದು ಹುಟ್ಟಿದ ಫಿಲಮ್ಮಿಗೆ ಆ ದಾಕ್ಷಿಣ್ಯ ಇಲ್ಲ,
ಕಂಡದ್ದನ್ನ ಅರಿಶಿನ ಅಂತ ಬರಕೊಳ್ಳುತ್ತೆ.

ನನಗದು ಗೊತ್ತಾದದ್ದು ಪಿ.ಜೆ. ಬಡಾವಣೆಯ ಸೀಮಂತದಲ್ಲಿ.
ಮೂವತ್ತಾರು ಚಿತ್ರ, ಮೂವತ್ತಾರು ಕಾಮಾಲೆ.
ಬಸುರಿ, ಬಾಳೆಹಣ್ಣು, ಗೋಡೆ, ಅತ್ತೆಯ ಹಲ್ಲು
ಎಲ್ಲ ಒಂದೇ ಬಣ್ಣ.
ದುಡ್ಡು ವಾಪಸು ಕೊಟ್ಟು ಬಂದೆವು.

ಆಮೇಲೆ ಬಂತು ನೀಲಿ ಗಾಜು,
ಕುಂಕುಮದ ಭರಣಿಯ ಮುಚ್ಚಳದಷ್ಟು ಅಗಲ,
ನನ್ನ ಎರಡು ತಿಂಗಳ ಸಂಬಳ.
ಹಳದಿಯನ್ನು ತಿನ್ನುತ್ತದೆ ಅದು,
ಜೊತೆಗೆ ಮುಕ್ಕಾಲುಪಾಲು ಬೆಳಕನ್ನೂ.
ಉಳಿದ ಕಾಲುಭಾಗಕ್ಕೆ
ಕ್ಯಾಮೆರಾ ಬಹಳ ಹೊತ್ತು ಬಾಯಿ ತೆರೆದುಕೊಂಡು ಕೂರಬೇಕು,
ಎದುರಿನವರು ಕಲ್ಲಾಗಬೇಕು.

ಮಂಡಕ್ಕಿ ಭಟ್ಟಿಯ ಚಮನಬಿ ಕಲ್ಲಾಗಲಿಲ್ಲ.
ಅಲ್ಲಾಡಬೇಡಿ ಅಂದೆ.
ಜರಡಿ ನಿಂತ್ರ ಉಸುಕು ಮಂಡಕ್ಕಿ ಸುಡ್ತೈತಿ,
ನಿಮ್ಮ ಡಬ್ಬಿಗೇ ಹೇಳ್ರಿ ತಡಿ ಅಂತ, ಅಂದಳು.
ಸ್ಟ್ಯಾಂಡಿನ ಒಂದು ಕಾಲು ಹೊಟ್ಟಿನ ರಾಶಿಯಲ್ಲಿ ಹೂತಿತ್ತು.
ಊರಿನ ಮೋಟಾರುಗಳೆಲ್ಲ ಎದ್ದು ವೋಲ್ಟೇಜು ಕುಸಿದು
ಬಲ್ಬು ಕೆಂಡವಾಗುವ ಮೊದಲು
ಆರೂವರೆಗೇ ಒತ್ತಿಬಿಟ್ಟೆ.
ಒಂದು... ಎರಡು...
ಅವಳ ಮಗಳು ರೇಷ್ಮಾ ಹಿಂದಿನ ಬಾಗಿಲಲ್ಲಿ ನಿಂತಿದ್ದಳು,
ಅರ್ಧ ಹೊರಗೆ. ಆಚೆ ಇನ್ನೂ ಆಕಾಶ ಇತ್ತು.
ನಾನದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಪ್ರಿಂಟು ಬಂತು.
ಬಲ್ಬಿನ ಕೆಳಗೆ ಮಂಡಕ್ಕಿ ಮಲ್ಲಿಗೆಯಷ್ಟು ಬಿಳಿ,
ಚಮನಬಿಯ ಮುಖ ಚಮನಬಿಯದೇ,
ಕೈ ಮಾತ್ರ ಹೊಗೆ.
ಮಗಳೋ ನೀಲಿ.
ಹಣೆ, ದುಪಟ್ಟಾ, ಚೌಕಟ್ಟು ಹಿಡಿದ ಬೆರಳು,
ನೀಲದಲ್ಲಿ ಅದ್ದಿ ತೆಗೆದ ಹಾಗೆ ನೀಲಿ.
ಎರಡು ಬೆಳಕಿಗೆ ಒಂದು ಗಾಜು ಸಾಲದಪ್ಪ,
ಅಂದರು ಮೇಷ್ಟ್ರು, ಬೈಯಲೂ ಇಲ್ಲ.

ಚಮನಬಿ ಮೊದಲು ಮಂಡಕ್ಕಿ ನೋಡಿದಳು.
ಮಾಲು ಚಲೋ ಬಂದೈತಿ, ಅಂದಳು.
ಆಮೇಲೆ ಬಹಳ ಹೊತ್ತಿನ ಮೇಲೆ,
ಇವಳ್ಯಾಕ ಇಷ್ಟು ತಣ್ಣಗದಾಳ?
ಬೆಂಕಿ ಇಲ್ಲೇ ಇತ್ತಲ್ಲ.

ಇನ್ನೊಮ್ಮೆ ತೆಗೀತೀನಿ, ದುಡ್ಡು ಬೇಡ ಅಂದೆ.
ಅವಳು ಮೊಳೆ ಹುಡುಕುತ್ತಿದ್ದಳು.
ಅದೇ ಬಲ್ಬಿನ ಕೆಳಗೆ, ಮಸಿಗಟ್ಟಿದ ಗೋಡೆಗೆ,
ತೂಕದ ಕಲ್ಲಿನಿಂದ ಬಡಿದು ನೇತುಹಾಕಿದಳು.

ಏಳು ಹೊಡೆದಿರಬೇಕು. ವೋಲ್ಟೇಜು ಬಿತ್ತು.
ಕಸುಬಿನಿಂದ ಕೆಟ್ಟ ನನ್ನ ಕಣ್ಣಿಗೆ
ಅಷ್ಟು ಕಷ್ಟಪಟ್ಟು ಬಿಳಿ ಮಾಡಿದ ಮಂಡಕ್ಕಿ
ಮೆಲ್ಲಗೆ ಮತ್ತೆ ಅರಿಶಿನಕ್ಕೆ ತಿರುಗಿತು.
ಬಾಗಿಲಲ್ಲಿ ನಿಂತವಳ ಹಣೆಯಿಂದ
ನೀಲಿ ಸ್ವಲ್ಪ ಇಳಿಯಿತು.